ಕಿವಿಯಣ್ಣ ಮತ್ತು ಸತ್ತ ಮೀಟರು

ನನ್ನ ಮಾವನಿಗೆ, ಎಂದರೆ ಅಮ್ಮನ ತಮ್ಮನಿಗೆ, ಸಬ್‌ಸ್ಟೇಷನ್ನಿನವರು ಇಟ್ಟ ಹೆಸರು ಕಿವಿಯಣ್ಣ. ಕಿವಿಗಳು ದೊಡ್ಡವೇ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಹೆಸರು ಬಂದದ್ದು ಅವುಗಳ ಅಳತೆಯಿಂದಲ್ಲ. ಶಿಫ್ಟಿಗೆ ಬಂದವರೆಲ್ಲ ಸೀದಾ ಕಂಟ್ರೋಲ್ ರೂಮಿಗೆ ಹೋಗಿ ಚಹಾ ಹಿಡಿದು ಮೀಟರುಗಳ ಮುಂದೆ ಕೂತರೆ, ಇವನು ಮೊದಲು ಹೊರಗಿನ ಯಾರ್ಡಿಗೆ ನಡೆಯುತ್ತಿದ್ದ. ಕೈಯಲ್ಲಿ ಎರಡು ಮೊಳದ ಒಂದು ಮರದ ಕೋಲು. ಕೋಲಿನ ಒಂದು ತುದಿಯನ್ನು ಟ್ರಾನ್ಸ್‌ಫಾರ್ಮರಿನ ಮೈಗೆ ಒತ್ತಿ, ಇನ್ನೊಂದು ತುದಿಯನ್ನು ಕಿವಿಗೆ ಹಚ್ಚಿ, ಕಣ್ಣು ಮುಚ್ಚಿ ಒಂದು ನಿಮಿಷ ನಿಲ್ಲುತ್ತಿದ್ದ. ಆಮೇಲೆ ಒಳಗೆ ಬಂದು ಲಾಗ್ ಬುಕ್ಕಿನಲ್ಲಿ ‘ಸದ್ದು ಸರಿ ಇದೆ’ ಎಂದು ಬರೆಯುತ್ತಿದ್ದ. ಲಾಗ್ ಬುಕ್ಕಿನಲ್ಲಿ ಸದ್ದಿಗೆಂದು ಕಾಲಮ್ಮೇ ಇಲ್ಲ. ಇವನೇ ಸ್ಕೇಲ್ ಇಟ್ಟು ಗೆರೆ ಎಳೆದುಕೊಂಡಿದ್ದ.

ಅಲ್ಲಿ ಇರುವುದು ಎರಡು ಟ್ರಾನ್ಸ್‌ಫಾರ್ಮರು. ದೂರದಿಂದ ದೊಡ್ಡ ಲೈನಿನಲ್ಲಿ ಬರುವ ಕರೆಂಟನ್ನು ಊರಿಗೆ ತಕ್ಕಷ್ಟು ಇಳಿಸಿ ಕೊಡುವುದು ಅವುಗಳ ಕೆಲಸ. ಮನೆಯಷ್ಟು ಎತ್ತರದ ದೊಡ್ಡದಕ್ಕೆ ಮಾವ ದೊಡ್ಡಮ್ಮ ಎನ್ನುತ್ತಿದ್ದ, ಪಕ್ಕದ್ದಕ್ಕೆ ಚಿಕ್ಕಮ್ಮ. ಮದುವೆಯಾಗದ ಮನುಷ್ಯನಿಗೆ ಇಷ್ಟೊಂದು ಹೆಂಗಸರ ಉಸಾಬರಿ ಯಾಕೆ ಎಂದು ಜೊತೆಯವರು ಕಾಲೆಳೆಯುತ್ತಿದ್ದರು. ಊರಿನ ಅರ್ಧಕ್ಕಿಂತ ಹೆಚ್ಚು ಭಾಗ ದೊಡ್ಡಮ್ಮನ ಮೇಲೆ ನಡೆಯುತ್ತಿತ್ತು. ನಮ್ಮ ಬೀದಿಯೂ ಅದರಲ್ಲೇ ಸೇರಿತ್ತು.

ಮೀಟರಿನ ಮುಳ್ಳುಗಳನ್ನು ಮಾವ ನಂಬುತ್ತಿರಲಿಲ್ಲ. ಮುಳ್ಳು ಸಿಕ್ಕಿಕೊಳ್ಳುತ್ತದೆ, ತುಕ್ಕು ಹಿಡಿಯುತ್ತದೆ, ಮೇಲಿನವರು ಬಂದಾಗ ಒಂದು ತೋರಿಸಿ ಹೋದ ಮೇಲೆ ಇನ್ನೊಂದು ತೋರಿಸುತ್ತದೆ ಎಂಬುದು ಅವನ ವಾದ. ಸದ್ದಿಗೆ ಸುಳ್ಳು ಹೇಳಲು ಬರುವುದಿಲ್ಲ ಎನ್ನುತ್ತಿದ್ದ. ಇದು ಬರೀ ಜಂಬವಾಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಎರಡು ಸಲ, ಮುಳ್ಳು ಅಲ್ಲಾಡುವ ಮೊದಲೇ, ಒಳಗೆ ಯಾವುದೋ ಬೋಲ್ಟು ಸಡಿಲವಾಗಿದೆ ಎಂದು ಹೇಳಿ ಬಿಚ್ಚಿಸಿದ್ದ, ಬೋಲ್ಟು ಸಡಿಲವಾಗಿಯೇ ಇತ್ತು. ಅಲ್ಲಿಂದ ಅವನ ಕಿವಿಗೆ ಎದುರು ಮಾತಾಡುವವರು ಯಾರೂ ಉಳಿಯಲಿಲ್ಲ.

ಈ ಕಿವಿಯ ಕತೆ ಶುರುವಾದದ್ದು ನನ್ನ ಅಮ್ಮನ ಬೆನ್ನಿನಿಂದ. ಅವರ ಅಪ್ಪ ಅಮ್ಮ ಒಂದೇ ವರ್ಷದಲ್ಲಿ ತೀರಿಕೊಂಡಾಗ ಅಮ್ಮನಿಗೆ ಹದಿನಾಲ್ಕು, ಮಾವನಿಗೆ ನಾಲ್ಕು. ರಾತ್ರಿ ಹೆದರಿಕೆಯಾದರೆ ಅಕ್ಕನ ಬೆನ್ನಿಗೆ ಕಿವಿ ಇಟ್ಟು, ಉಸಿರು ಬರುತ್ತಿದೆ ಎಂದು ಖಾತ್ರಿ ಮಾಡಿಕೊಂಡು ಮಲಗುತ್ತಿದ್ದನಂತೆ. ಅಕ್ಕನೂ ಹೋಗಿಬಿಟ್ಟರೆ ಎಂಬ ಭಯ. ಅಮ್ಮ ಮದುವೆಯಾಗಿ ಬರುವಾಗ ಅವನನ್ನೂ ಕರೆದುಕೊಂಡೇ ಬಂದಳು. ನಾನು ಹುಟ್ಟಿದಾಗ ಅವನಿಗೆ ಹನ್ನೆರಡು ವರ್ಷ, ಹಾಗಾಗಿ ನನಗೆ ಅವನು ಮಾವನೂ ಹೌದು, ಅಣ್ಣನೂ ಹೌದು, ಬೈಗುಳಕ್ಕೆ ಸಿಗುವ ಮನುಷ್ಯನೂ ಹೌದು. ಈಗಲೂ ಅವನ ಮನೆ ನಮ್ಮ ಹಿಂದಿನ ಬೀದಿಯಲ್ಲಿ, ಆದರೆ ಊಟ ನಮ್ಮಲ್ಲೇ.

ಅರವತ್ತಾರನೇ ವಯಸ್ಸಿಗೆ ಅಮ್ಮನ ಶ್ವಾಸಕೋಶ ಕೈಕೊಟ್ಟಿತು. ಕೋಣೆಯ ಮೂಲೆಗೆ ಆಕ್ಸಿಜನ್ ಮೆಷಿನ್ ಬಂತು. ಗಾಳಿಯಿಂದಲೇ ಆಮ್ಲಜನಕ ಸೋಸಿ ಕೊಡುವ ಯಂತ್ರ, ಕರೆಂಟಿದ್ದರೆ ಮಾತ್ರ ನಡೆಯುತ್ತದೆ. ಕೊಳವೆ ತೆಗೆದರೆ ಹತ್ತು ನಿಮಿಷಕ್ಕೆ ಅಮ್ಮನ ತುಟಿ ನೀಲಿಯಾಗುತ್ತಿತ್ತು. ಕರೆಂಟು ಹೋದರೆ ಇರಲಿ ಎಂದು ಒಂದು ಸಿಲಿಂಡರನ್ನೂ ತಂದು ಬಾಗಿಲ ಹಿಂದೆ ನಿಲ್ಲಿಸಿದ್ದೆವು. ತುಂಬಿದ ಸಿಲಿಂಡರ್ ಹನ್ನೆರಡು ಗಂಟೆ ಬರುತ್ತದೆ ಎಂದು ಅಂಗಡಿಯವನು ಹೇಳಿದ್ದ. ಕಿವಿಯಣ್ಣನ ದಯದಿಂದ ನಮ್ಮೂರಲ್ಲಿ ಕರೆಂಟು ಹೋಗುವುದೇ ಅಪರೂಪ, ಹೋದರೂ ಎರಡು ನಿಮಿಷ. ಹತ್ತು ತಿಂಗಳಲ್ಲಿ ಒಮ್ಮೆಯೂ ಸಿಲಿಂಡರನ್ನು ಅಮ್ಮನಿಗೆ ಹಚ್ಚುವ ಸಂದರ್ಭ ಬರಲಿಲ್ಲ.

ಆದರೆ ಮಾವ ದಿನವೂ ಅದನ್ನು ಪರೀಕ್ಷಿಸುತ್ತಿದ್ದ. ಬೆಳಗಿನ ತಿಂಡಿ ಮುಗಿಸಿ, ಕೈ ಒರೆಸಿಕೊಂಡು, ಸಿಲಿಂಡರಿನ ಕೀ ತಿರುಗಿಸಿ, ಕೊಳವೆಯ ತುದಿಯನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ನೂರಿಪ್ಪತ್ತು ಎಣಿಸುತ್ತಿದ್ದ. ಸುಯ್ ಎಂದು ಗಾಳಿ ಬರುತ್ತಿತ್ತು. ಸದ್ದು ಸರಿ ಇದೆ ಎಂದು ಕೀ ಮುಚ್ಚಿ ಡ್ಯೂಟಿಗೆ ಹೋಗುತ್ತಿದ್ದ. ಒಂದು ದಿನ ನಾನು, ಸಿಲಿಂಡರಿನ ಮೀಟರಿನಲ್ಲಿ ಮುಳ್ಳು ಕೆಳಗೆ ಬರ್ತಿದೆಯಲ್ಲ ಎಂದೆ. ಅವನು ಮೀಟರಿನ ಗಾಜಿಗೆ ಬೆರಳಿನಿಂದ ಎರಡು ಬಡಿದು, ಇವುಗಳ ಹಣೆಬರಹವೇ ಇಷ್ಟು ಎಂದು, ಕೊಳವೆಯನ್ನು ನನ್ನ ಕಿವಿಗೆ ಹಿಡಿದ. ನಿನ್ನೆ ಹೇಗಿತ್ತೋ ಹಾಗೆಯೇ ಇತ್ತು. ನಾನೂ ಒಪ್ಪಿದೆ. ನಾನು ಮನೆಯಲ್ಲೇ ಕೂತು ಬಟ್ಟೆ ಹೊಲಿಯುವವಳು, ಇಂಚುಪಟ್ಟಿ ಹಿಡಿಯದೆ ಒಂದು ತುಂಡು ಕತ್ತರಿಸದವಳು. ಆದರೂ ಒಪ್ಪಿದೆ ಎನ್ನುವುದು ಈಗ ನೆನೆದರೆ ಮೈ ಉರಿಯುತ್ತದೆ.

ಸಬ್‌ಸ್ಟೇಷನ್ನಿನಲ್ಲೂ ಅಂಥದೇ ಒಂದು ಮೀಟರಿತ್ತು. ದೊಡ್ಡಮ್ಮನಿಂದ ನೆಲದೊಳಗೆ ಹೋಗುವ ಅರ್ತ್ ತಂತಿಯ ಮೇಲೆ ಯಾರೋ ಹಿಂದಿನ ಕಾಲದವರು ಕೂರಿಸಿದ್ದು. ಅದರ ಮುಳ್ಳು ಸದಾ ನಡುವೆ ಸೊನ್ನೆಯ ಮೇಲೆ ಮಲಗಿರುತ್ತಿತ್ತು. ಎರಡು ವರ್ಷಕ್ಕೊಮ್ಮೆ, ಮೂರು ವರ್ಷಕ್ಕೊಮ್ಮೆ, ಕಾರಣವಿಲ್ಲದೆ ಸ್ವಲ್ಪ ಎಡಕ್ಕೆ ವಾಲುತ್ತಿತ್ತು, ಬಲಕ್ಕೆ ವಾಲುತ್ತಿತ್ತು, ಕೆಲವು ಗಂಟೆ ಹಾಗೆ ತೂಗಾಡಿ ಮತ್ತೆ ಮಲಗುತ್ತಿತ್ತು. ಆಗೆಲ್ಲ ಮಾವ ಕೋಲು ಹಿಡಿದು ದೊಡ್ಡಮ್ಮನ ಬಳಿ ಹೋಗಿ ಕೇಳಿ ಬಂದು, ‘ಸದ್ದು ಸರಿ ಇದೆ, ಮೀಟರ್ ಕೆಟ್ಟಿದೆ’ ಎಂದು ಬರೆಯುತ್ತಿದ್ದ. ಕೊನೆಗೆ ಎಲ್ಲರೂ ಅದನ್ನು ಸತ್ತ ಮೀಟರು ಎಂದೇ ಕರೆದರು. ಅದರ ತಿರುಪಿಗೆ ಗೇಟಿನ ಬೀಗದ ಕೈ ನೇತುಹಾಕುವುದು ರೂಢಿಯಾಯಿತು.

ಆ ವರ್ಷದ ಆರಂಭದಲ್ಲಿ ಹೆಡ್ ಆಫೀಸಿನಿಂದ ಒಬ್ಬ ಇಂಜಿನಿಯರಮ್ಮ ಬಂದಳು. ಹಳೆಯ ಲಾಗ್ ಬುಕ್ಕುಗಳನ್ನೆಲ್ಲ ತೆಗೆಸಿ ಧೂಳು ಕುಡಿಯುತ್ತ ಮೂರು ದಿನ ಕೂತಳು. ಮೂರನೇ ದಿನ ಮಾವನನ್ನು ಕರೆದು ಒಂದು ಪಟ್ಟಿ ತೋರಿಸಿದಳು. ಇಪ್ಪತ್ತೊಂಬತ್ತು ವರ್ಷದಲ್ಲಿ ಮಾವ ಹನ್ನೊಂದು ಸಲ ‘ಮೀಟರ್ ಕೆಟ್ಟಿದೆ’ ಎಂದು ಬರೆದಿದ್ದ. ಆ ಹನ್ನೊಂದು ದಿನವೂ ಸೂರ್ಯನಿಂದ ಹೊರಟ ಬಿರುಗಾಳಿ ಭೂಮಿಗೆ ಬಡಿದ ದಿನ. ಇಷ್ಟು ಒಳ್ಳೆಯ ದಾಖಲೆ ಬೇರೆ ಯಾವ ಸ್ಟೇಷನ್ನಿನಲ್ಲೂ ಇಲ್ಲ, ನೀವು ಹನ್ನೊಂದು ಸಲ ಸೂರ್ಯನನ್ನು ಹಿಡಿದಿದ್ದೀರಿ ಎಂದು ಅವಳು ಖುಷಿಯಿಂದ ಹೇಳಿದಳಂತೆ. ಮಾವನಿಗೆ ಅದು ಕೆನ್ನೆಗೆ ಹೊಡೆದಂತಾಯಿತು. ಸತ್ಯ ಹೇಳುತ್ತಿದ್ದ ಒಂದೇ ಒಂದು ಮೀಟರನ್ನು ಹನ್ನೊಂದು ಸಲ ಸುಳ್ಳುಗಾರ ಎಂದು ಕೈಯಾರೆ ಬರೆದು ಸಹಿ ಹಾಕಿದ್ದ.

ಅಂದು ಊಟಕ್ಕೆ ಕೂತು ಅವಳು ಹೇಳಿದ್ದನ್ನೆಲ್ಲ ಅಮ್ಮನಿಗೆ ಬಿಡಿಸಿ ಹೇಳಿದ. ಸೂರ್ಯನ ಮೈಮೇಲೆ ಕಪ್ಪು ಕಲೆಗಳಿರುತ್ತವೆ, ಅಲ್ಲಿ ಕಾಂತಶಕ್ತಿ ಹಿಂಡಿದ ಬಟ್ಟೆಯಂತೆ ಹುರಿಗೊಂಡಿರುತ್ತದೆ. ಹುರಿ ತಡೆಯದೆ ಕಿತ್ತಾಗ ಕೋಟಿಗಟ್ಟಲೆ ಟನ್ನು ಬೆಂಕಿಯಂಥ ಅನಿಲ, ತನ್ನ ಕಾಂತಶಕ್ತಿಯನ್ನೂ ಎಳೆದುಕೊಂಡು, ಆಕಾಶಕ್ಕೆ ಚಿಮ್ಮುತ್ತದೆ. ನಮ್ಮ ಕಡೆಗೇ ಹೊರಟರೆ ಒಂದರಿಂದ ಮೂರು ದಿನದಲ್ಲಿ ಬಂದು ಮುಟ್ಟುತ್ತದೆ. ಭೂಮಿಯೂ ಒಂದು ಅಯಸ್ಕಾಂತವಲ್ಲವೆ, ಅದಕ್ಕೆ ಅದರದೇ ಒಂದು ರಕ್ಷಣೆ ಇದೆ. ಬರುವ ಮೋಡದ ಕಾಂತಶಕ್ತಿ ಭೂಮಿಯದಕ್ಕೆ ಸರಿಯಾಗಿ ಎದುರು ದಿಕ್ಕಿಗೆ ತಿರುಗಿದ್ದರೆ ಮಾತ್ರ ಆ ರಕ್ಷಣೆಯ ಬಾಗಿಲು ತೆರೆದುಕೊಳ್ಳುತ್ತದೆ. ಆಗ ನಮ್ಮ ತಲೆಯ ಮೇಲೆ ನೂರು ಕಿಲೋಮೀಟರ್ ಎತ್ತರದಲ್ಲಿ ಲಕ್ಷಗಟ್ಟಲೆ ಆಂಪಿಯರ್ ಕರೆಂಟು ಹರಿಯಲು ಶುರುವಾಗುತ್ತದೆ. ಅದು ಏರಿಳಿದಂತೆಲ್ಲ ಕೆಳಗೆ ನೆಲದಲ್ಲೂ ಕರೆಂಟು ಹುಟ್ಟುತ್ತದೆ. ಮಣ್ಣಿಗಿಂತ ಸುಲಭದ ದಾರಿ ಎಂದು ಅದು ನಮ್ಮ ಅರ್ತ್ ತಂತಿ ಹತ್ತಿ, ಟ್ರಾನ್ಸ್‌ಫಾರ್ಮರಿನ ಹೊಟ್ಟೆ ಹೊಕ್ಕು, ಉದ್ದದ ಲೈನಿನಲ್ಲಿ ಓಡಿ, ಮುಂದಿನ ಸ್ಟೇಷನ್ನಿನಲ್ಲಿ ಮತ್ತೆ ನೆಲಕ್ಕಿಳಿಯುತ್ತದೆ. ಟ್ರಾನ್ಸ್‌ಫಾರ್ಮರಿಗೆ ಗೊತ್ತಿರುವುದು ಸೆಕೆಂಡಿಗೆ ಐವತ್ತು ಸಲ ಹಿಂದೆ ಮುಂದೆ ಆಡುವ ಕರೆಂಟು. ಇದು ಒಂದೇ ಕಡೆಗೆ ನುಗ್ಗುವ ಕರೆಂಟು. ಒಳಗಿನ ಕಬ್ಬಿಣ ಕಾಂತಶಕ್ತಿಯಿಂದ ತುಂಬಿ ತುಳುಕುತ್ತದೆ, ತುಳುಕಿದ್ದು ಬೋಲ್ಟು ತಗಡುಗಳಿಗೆ ತಗಲಿ ಕಾಯುತ್ತದೆ.

ಅಮ್ಮ ಎಲ್ಲ ಕೇಳಿ, ದೊಡ್ಡಮ್ಮ ಸುಟ್ಟರೆ ಇನ್ನೊಂದು ತರೋದು ತಾನೇ ಎಂದಳು. ಆ ಗಾತ್ರದ್ದು ಅಂಗಡಿಯಲ್ಲಿ ಸಿಗುವುದಿಲ್ಲ, ಮಾಡಿಸಿ ತರಿಸಲು ಒಂದೂವರೆ ವರ್ಷ ಬೇಕು ಎಂದ ಮಾವ. ಒಂದೂವರೆ ವರ್ಷ ಎಂಬ ಮಾತಿಗೆ ನಾವು ಮೂವರೂ ಮೂಲೆಯ ಮೆಷಿನ್ನಿನ ಕಡೆ ನೋಡಿದೆವು. ಮಾರನೆಯ ದಿನವೇ ಸತ್ತ ಮೀಟರಿನಿಂದ ಬೀಗದ ಕೈ ತೆಗೆದು, ಗಾಜು ಒರೆಸಿ, ದಿನಕ್ಕೆ ಮೂರು ಸಲ ಅದರ ಮುಳ್ಳು ಬರೆಯಲು ಶುರುಮಾಡಿದ. ಆದರೆ ಅಲ್ಲಿ ಕಲಿತದ್ದು ಮನೆಯ ಬಾಗಿಲು ದಾಟಲಿಲ್ಲ. ಬೆಳಗಾದರೆ ಸಿಲಿಂಡರಿನ ಸುಯ್, ನೂರಿಪ್ಪತ್ತು ಎಣಿಕೆ, ಎಂದಿನಂತೆ ನಡೆಯಿತು.

ಆರು ತಿಂಗಳ ನಂತರ ಒಂದು ಸೋಮವಾರ ಇಂಜಿನಿಯರಮ್ಮನ ಫೋನು ಬಂತು. ಸೂರ್ಯನ ಮೇಲೆ ಭಾರಿ ಸ್ಫೋಟವಾಗಿದೆ, ನಮ್ಮ ಕಡೆಗೇ ಹೊರಟಿದೆ, ಬುಧವಾರದ ಹೊತ್ತಿಗೆ ತಲುಪುತ್ತದೆ. ಅದರ ಕಾಂತಶಕ್ತಿ ಯಾವ ದಿಕ್ಕಿಗಿದೆ ಎಂದು ಈಗಲೇ ತಿಳಿಯದು. ಸೂರ್ಯನ ಕಡೆ ಹದಿನೈದು ಲಕ್ಷ ಕಿಲೋಮೀಟರ್ ದೂರದಲ್ಲಿ ನಿಲ್ಲಿಸಿರುವ ಉಪಗ್ರಹಕ್ಕೆ ಅದು ತಗಲಿದ ಮೇಲೆ ತಿಳಿಯುತ್ತದೆ, ಅಲ್ಲಿಂದ ನಮಗೆ ಸಿಗುವುದು ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ. ಮಂಗಳವಾರ ಮಾವ ಊಟ ಮಾಡಿದಂತೆ ಮಾಡಿ ಎದ್ದ. ಇನ್ನೊಂದು ಸಿಲಿಂಡರ್ ತರಿಸೋಣವೇ ಎಂದು ನಾನು ಕೇಳಿದೆ. ಹನ್ನೆರಡು ಗಂಟೆಯದು ಇದೆಯಲ್ಲ, ಬೆಳಿಗ್ಗೆಯಷ್ಟೇ ಕೇಳಿದ್ದೇನೆ ಎಂದ.

ಬುಧವಾರ ಆಕಾಶದಲ್ಲಿ ಒಂದು ಮೋಡವಿರಲಿಲ್ಲ. ಅದೇ ನನಗೆ ಇಂದಿಗೂ ಸಹಿಸಲಾಗದ ಸಂಗತಿ. ಹಗ್ಗದ ಮೇಲೆ ಬಟ್ಟೆ ಒಣಗುತ್ತಿದ್ದವು, ಎದುರುಮನೆಯ ಬೆಕ್ಕು ಗೋಡೆಯ ಮೇಲೆ ಬಿಸಿಲು ಕಾಯಿಸುತ್ತಿತ್ತು, ಅಮ್ಮ ಕಿಟಕಿಯ ಪಕ್ಕ ಕೂತು ನನ್ನ ಹೊಲಿಗೆಯಲ್ಲಿ ತಪ್ಪು ಹುಡುಕುತ್ತಿದ್ದಳು. ಕೊಲ್ಲಲು ಹೊರಟದ್ದು ದಿನಾ ಬರುವ ಅದೇ ಬಿಸಿಲಿನ ಕಡೆಯಿಂದ ಬರುತ್ತಿತ್ತು, ಅದಕ್ಕೆ ಸದ್ದಿಲ್ಲ, ವಾಸನೆಯಿಲ್ಲ, ನೆರಳೂ ಇಲ್ಲ. ಮಧ್ಯಾಹ್ನ ಮೂರು ಗಂಟೆಗೆ ರೇಡಿಯೋ ಕರಕರ ಎಂದು ಸತ್ತಿತು. ಅಮ್ಮ ಅದರ ತಲೆಗೊಂದು ತಟ್ಟಿ, ಇದೂ ನನ್ನ ಹಾಗೇ ಆಯ್ತು ಎಂದಳು.

ಸ್ಟೇಷನ್ನಿನಲ್ಲಿ ಆದದ್ದನ್ನು ಮಾವನ ಜೊತೆಯವನೊಬ್ಬ, ಎಲ್ಲರೂ ಚಹಾಪಾಪಣ್ಣ ಎನ್ನುವವನು, ಆಮೇಲೆ ನನಗೆ ನಿಮಿಷ ನಿಮಿಷ ಹೇಳಿದ. ಎರಡೂ ಕಾಲಿಗೆ ಇಂಜಿನಿಯರಮ್ಮ ಫೋನು ಮಾಡಿ, ದಿಕ್ಕು ಎದುರಾಗಿಯೇ ಇದೆ ಎಂದಷ್ಟೇ ಹೇಳಿ ಇಟ್ಟಳು. ಮೂರಕ್ಕೆ ಐದು ನಿಮಿಷವಿರುವಾಗ ಸತ್ತ ಮೀಟರಿನ ಮುಳ್ಳು ಎದ್ದಿತು. ಮೊದಲು ಎಡಕ್ಕೆ, ಮೆಲ್ಲಗೆ, ಯಾರೋ ಬೆರಳಿನಿಂದ ತಳ್ಳಿದ ಹಾಗೆ. ಮೂರೂ ಕಾಲಿಗೆ ಅದು ಎಡದ ಕೊನೆಗೆ ಹೋಗಿ ಗೂಟಕ್ಕೆ ಒತ್ತಿಕೊಂಡು ನಿಂತಿತು. ಆ ಕೊನೆಯನ್ನು ಅದು ಮುಟ್ಟಿದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

ಮಾವ ಕೋಲು ತೆಗೆದುಕೊಂಡು ಯಾರ್ಡಿಗೆ ಹೋದ. ಕೋಲು ಬೇಕಾಗಲೇ ಇಲ್ಲ. ಗೇಟಿನ ಹತ್ತಿರವೇ ಕೇಳುತ್ತಿತ್ತು. ಇಪ್ಪತ್ತೊಂಬತ್ತು ವರ್ಷ ಗುಂಯ್ ಎನ್ನುತ್ತಿದ್ದ ದೊಡ್ಡಮ್ಮ ಗುರುಗುಟ್ಟುತ್ತಿತ್ತು, ಕಾಲಡಿಯ ಜಲ್ಲಿ ನಡುಗುತ್ತಿತ್ತು. ಎಣ್ಣೆಯ ಶಾಖ ಏರುತ್ತಿತ್ತು. ಚಿಕ್ಕಮ್ಮ ಬೇರೆ ತರದ್ದು, ಅದಕ್ಕೆ ಅಷ್ಟು ತಗಲಲಿಲ್ಲ, ಆದರೆ ಊರನ್ನು ಅದೊಂದೇ ಹೊರಲಾರದು. ದೊಡ್ಡಮ್ಮನನ್ನು ಉಳಿಸಬೇಕೆಂದರೆ ಅದರ ಮೇಲಿನ ಅರ್ಧ ಊರಿಗೆ ಕರೆಂಟು ತೆಗೆದು ಅದನ್ನು ಲೈನಿನಿಂದ ಬಿಡಿಸಬೇಕು. ಹಾಗೆ ಮಾಡಲು ಮೇಲಿನ ಕಂಟ್ರೋಲಿನವರ ಅಪ್ಪಣೆ ಬೇಕು. ಮಾವ ಮೂರು ಸಲ ಫೋನು ಮಾಡಿದ. ಎಲ್ಲ ಕಡೆಯಿಂದಲೂ ಫೋನು ಬರುತ್ತಿದೆ, ನಾವು ಹೇಳುವವರೆಗೆ ಯಾರೂ ಏನೂ ಮುಟ್ಟಬೇಡಿ ಎಂದರು. ಮೂರನೆಯ ಸಲ ಫೋನು ಎತ್ತಲೇ ಇಲ್ಲ.

ಮೂರೂ ನಲವತ್ತೈದಕ್ಕೆ ಗಂಟೆ ಬಡಿಯಿತು. ಟ್ರಾನ್ಸ್‌ಫಾರ್ಮರಿನೊಳಗೆ ಎಣ್ಣೆ ಬೆಂದು ಗ್ಯಾಸ್ ಎದ್ದರೆ ಬಡಿಯುವ ಗಂಟೆ ಅದು. ಇನ್ನೂ ಹೆಚ್ಚಾದರೆ ಯಂತ್ರ ತಾನೇ ಆರಿಸಿಕೊಳ್ಳುತ್ತದೆ, ಆದರೆ ಅಷ್ಟರಲ್ಲಿ ಒಳಗೆ ಸುಟ್ಟು ಮುಗಿದಿರುತ್ತದೆ. ಮಾವ ಗಂಟೆಯನ್ನು ನಿಲ್ಲಿಸಿ ನಮ್ಮ ಮನೆಗೆ ಫೋನು ಮಾಡಿದ.

ನಾನು ಹೊಲಿಗೆ ಬಿಟ್ಟು ಎದ್ದು ಹೋಗಿ ಎತ್ತಿದೆ. "ಅಕ್ಕನಿಗೆ ಸಿಲಿಂಡರ್ ಹಚ್ಚು. ಈಗಲೇ," ಎಂದ. ಅವನ ದನಿಯ ಹಿಂದೆ ಏನೋ ಗುರುಗುಟ್ಟುವುದು ನನಗೂ ಕೇಳಿಸಿತು. ಹಚ್ಚುತ್ತೇನೆ ಎಂದೆ. ಆಗ ಅವನು ಬದುಕಿನಲ್ಲಿ ಮೊದಲನೇ ಸಲ ಆ ಪ್ರಶ್ನೆ ಕೇಳಿದ.

"ಪುಟ್ಟಿ, ಅದರ ಮುಳ್ಳು ಎಲ್ಲಿದೆ?"

ಬಾಗಿಲ ಹಿಂದೆ ಬಗ್ಗಿ ನೋಡಿದೆ. "ಕೆಂಪಲ್ಲಿದೆ ಮಾವ. ಕೊನೇ ಗೆರೆ ಹತ್ರ. ಆದ್ರೆ ಅದು ಕೆಟ್ಟಿದೆ ಅಂತ ನೀನೇ ಹೇಳಿದ್ದೆಯಲ್ಲ. ಬೆಳಿಗ್ಗೆ ಸದ್ದು ಸರಿಯಾಗೇ ಇತ್ತು."

ನಾನು ಫೋನು ಕಡಿದುಹೋಯಿತೆಂದೇ ತಿಳಿದೆ. ಅಷ್ಟು ಹೊತ್ತಿನಲ್ಲಿ ಅವನಿಗೆ ಎಲ್ಲ ಹೊಳೆದಿತ್ತು. ಸಿಲಿಂಡರಿನ ತಲೆಗೆ ಕೂರಿಸುವ ರೆಗ್ಯುಲೇಟರಿನ ಕೆಲಸವೇ ಅದು, ಒಳಗೆ ಎಷ್ಟೇ ಇರಲಿ, ಹೊರಗೆ ಒಂದೇ ಒತ್ತಡದಲ್ಲಿ ಬಿಡುವುದು. ತುಂಬಿದ್ದಾಗಲೂ ಅದೇ ಸದ್ದು, ಮುಗಿಯುತ್ತ ಬಂದಾಗಲೂ ಅದೇ ಸದ್ದು. ಇದ್ದ ಗಾಳಿಯನ್ನು ಹತ್ತು ತಿಂಗಳು, ದಿನಕ್ಕೆ ನೂರಿಪ್ಪತ್ತು ಎಣಿಕೆಯಂತೆ, ಇದೆಯೋ ಇಲ್ಲವೋ ಎಂದು ನೋಡುತ್ತ ನೋಡುತ್ತ ಅವನೇ ಖಾಲಿ ಮಾಡಿದ್ದ.

"ಒಂದು ಗಂಟೆ ಹತ್ತು ನಿಮಿಷ ಬರುತ್ತೆ," ಎಂದು ಲೆಕ್ಕ ಹಾಕಿ ಹೇಳಿದ. ದನಿ ಬೇರೆ ಯಾರದ್ದೋ ಆಗಿತ್ತು. "ಅಷ್ಟರಲ್ಲಿ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗು. ಅಲ್ಲಿ ಜನರೇಟರ್ ಇದೆ. ಆಂಬುಲೆನ್ಸ್ ಕಾಯಬೇಡ."

"ಕರೆಂಟ್ ತೆಗೀತೀಯಾ ಮಾವ?"

"ತೆಗೀತೀನಿ."

"ನಾವು ಆಸ್ಪತ್ರೆ ಸೇರೋವರೆಗೆ ತಡಿ."

"ತಡೆಯೋಕಾಗಲ್ಲ," ಎಂದು ಫೋನು ಇಟ್ಟ.

ನಾನು ಅವನಿಗೆ ಬೈದ ಬೈಗುಳ ಬರೆಯುವಂಥದ್ದಲ್ಲ. ಬೈಯುತ್ತಲೇ ಅಮ್ಮನ ಮೂಗಿಗೆ ಸಿಲಿಂಡರಿನ ಕೊಳವೆ ಹಚ್ಚಿ, ಎದುರುಮನೆಗೆ ಓಡಿದೆ. ಎದುರುಮನೆಯವರು ಡ್ರೈವಿಂಗ್ ಸ್ಕೂಲ್ ಮಾಸ್ತರು. ಊರಿನ ಅರ್ಧ ಜನಕ್ಕೆ ಕಾರು ಕಲಿಸಿದವರು, ತಾವು ಎಂದೂ ಮೂವತ್ತರ ವೇಗ ದಾಟದವರು. ನಾವು ಅಮ್ಮನನ್ನು ಕುರ್ಚಿಯ ಸಮೇತ ಎತ್ತಿ ತರುವಷ್ಟರಲ್ಲಿ ಮನೆಯೊಳಗಿನ ಫ್ಯಾನು ನಿಂತಿತು. ಮೂಲೆಯ ಮೆಷಿನ್ನು ಒಮ್ಮೆ ಕೂಗಿ ಸುಮ್ಮನಾಯಿತು. ಅಮ್ಮ ಅದರ ಕಡೆ ತಿರುಗಿ ನೋಡಿ, ಅವನೇ ತೆಗೆದನಾ ಎಂದು ಕೇಳಿದಳು. ನಾನು ಹೌದು ಎಂದೆ.

ರಸ್ತೆಯಲ್ಲಿ ಒಂದು ಸಿಗ್ನಲ್ಲೂ ಉರಿಯುತ್ತಿರಲಿಲ್ಲ. ನಾಲ್ಕೂ ಕಡೆಯವರು ನಾಲ್ಕು ದಾರಿಯಲ್ಲೂ ನುಗ್ಗಿ ಗಂಟು ಹಾಕಿಕೊಂಡಿದ್ದರು. ಮಾಸ್ತರು ತಾವು ಜೀವಮಾನವಿಡೀ ಮಾಡಬೇಡಿ ಎಂದು ಕಲಿಸಿದ್ದನ್ನೆಲ್ಲ ಅಂದು ತಾವೇ ಮಾಡಿದರು, ಫುಟ್‌ಪಾತ್ ಹತ್ತಿದರು, ಎದುರು ದಿಕ್ಕಿನಲ್ಲಿ ಹೋದರು. ಆದರೂ ರೈಲ್ವೆ ಗೇಟು ತಲುಪುವಷ್ಟರಲ್ಲಿ ನಲವತ್ತೆಂಟು ನಿಮಿಷ ಕಳೆದಿತ್ತು. ಗೇಟು ಹಾಕಿತ್ತು. ರೈಲು ಕಾಣುತ್ತಿರಲಿಲ್ಲ. ಸಿಗ್ನಲ್ಲೆಲ್ಲ ತಾನೇ ತಾನಾಗಿ ಕೆಂಪಾಗಿದೆ, ಹಳಿಯಲ್ಲೇ ಕರೆಂಟು ಹರಿಯುತ್ತಿದೆಯಂತೆ, ಮೇಲಿಂದ ಹೇಳುವವರೆಗೆ ತೆಗೆಯುವಂತಿಲ್ಲ ಎಂದ ಗೇಟಿನವನು. ಇವನಿಗೂ ಅದೇ ಪಾಠ, ಮೇಲಿನವರು ಹೇಳುವವರೆಗೆ ಮುಟ್ಟುವಂತಿಲ್ಲ.

ನನ್ನ ಕಣ್ಣು ಅಮ್ಮನ ಮುಖ ಬಿಟ್ಟು ಮುಳ್ಳಿನ ಮೇಲೆಯೇ ಇತ್ತು. ಅದು ಕೊನೆಯ ಗೆರೆ ದಾಟಿತ್ತು. ಕಿವಿಗೆ ಕೇಳುವ ಸದ್ದು ಮಾತ್ರ ಅದೇ ಸುಯ್, ಸರಿಯಾಗಿಯೇ ಇತ್ತು. ಆ ಸದ್ದಿನ ಮೇಲೆ ನನಗೆ ಹುಟ್ಟಿದ ದ್ವೇಷ ಇನ್ನೂ ಹೋಗಿಲ್ಲ. ಮಾಸ್ತರು ಕಾರಿನ ಬಾಗಿಲು ತೆಗೆದು, ಕುರ್ಚಿ ಹಿಡೀಮ್ಮ ಎಂದರು. ಅವರು ಮುಂದೆ, ನಾನು ಹಿಂದೆ, ಅಮ್ಮನ ಮಡಿಲಲ್ಲಿ ಸಿಲಿಂಡರು, ಗೇಟಿನ ಕೆಳಗೆ ತೂರಿ ಹಳಿ ದಾಟಿದೆವು. ಗೇಟಿನವನು ಬೇಡ ಎನ್ನಲಿಲ್ಲ, ಎಡಕ್ಕೂ ಬಲಕ್ಕೂ ನೋಡುತ್ತ ಹಸಿರು ಬಾವುಟ ಹಿಡಿದು ನಿಂತ. ಅಲ್ಲಿಂದ ಕುರ್ಚಿ ಹೊತ್ತೇ ನಡೆದೆವು, ಆಸ್ಪತ್ರೆಗೆ ಇನ್ನೂ ಒಂದು ಬೀದಿ ಇರುವಾಗ ಸುಯ್ ಎನ್ನುವುದು ನಿಂತಿತು. ಮೆಟ್ಟಿಲು ಮುಟ್ಟುವಷ್ಟರಲ್ಲಿ ಅಮ್ಮನ ಉಗುರು ನೀಲಿಯಾಗಿತ್ತು, ಕಣ್ಣು ಮೇಲಕ್ಕೆ ಹೋಗಿತ್ತು. ಒಳಗಿನಿಂದ ಇಬ್ಬರು ಓಡಿ ಬಂದು ಕಿತ್ತುಕೊಂಡಂತೆ ಎತ್ತಿಕೊಂಡು ಹೋದರು.

ಅಮ್ಮ ಉಳಿದಳು. ಆರು ದಿನ ಆಸ್ಪತ್ರೆಯಲ್ಲಿದ್ದಳು. ಮೊದಲ ಸಂಜೆ ಆಸ್ಪತ್ರೆಯ ಕಿಟಕಿಯಲ್ಲಿ ನಿಂತಾಗ, ಸೂರ್ಯ ಮುಳುಗಿದ ಮೇಲೂ ಆಕಾಶದ ಒಂದು ಬದಿ ರಕ್ತ ಚೆಲ್ಲಿದಂತೆ ಕೆಂಪಾಗಿಯೇ ಇತ್ತು. ಜನ ಮಾಳಿಗೆ ಹತ್ತಿ ಚೆನ್ನಾಗಿದೆ ಎಂದು ಫೋಟೋ ತೆಗೆಯುತ್ತಿದ್ದರು. ನಾನು ಪರದೆ ಎಳೆದೆ.

ನಮ್ಮ ಕಡೆಗೆ ಐದು ಗಂಟೆ ಕರೆಂಟಿರಲಿಲ್ಲ. ಅಪ್ಪಣೆಯಿಲ್ಲದೆ ಬ್ರೇಕರ್, ಎಂದರೆ ಲೈನು ಕಡಿಯುವ ಸ್ವಿಚ್ಚು, ತೆಗೆದದ್ದಕ್ಕೆ ಮಾವನಿಗೆ ಮೆಮೋ ಬಂತು. ಮಾಂಸದಂಗಡಿಯವನು, ಐಸ್‌ಕ್ರೀಮಿನವನು ಸ್ಟೇಷನ್ನಿನ ಗೇಟಿಗೆ ಬಂದು ಕೂಗಾಡಿದರು. ಅದೇ ಲೈನಿನ ಆ ತುದಿಯಲ್ಲಿರುವ ಊರಿನವರು ಅಪ್ಪಣೆಗೆ ಕಾದರು. ಅವರ ದೊಡ್ಡ ಟ್ರಾನ್ಸ್‌ಫಾರ್ಮರು ನಾಲ್ಕೂ ಇಪ್ಪತ್ತಕ್ಕೆ ಸುಟ್ಟಿತು. ಹದಿಮೂರು ತಿಂಗಳು ಆ ಊರಿಗೆ ದಿನಕ್ಕೆ ನಾಲ್ಕು ಗಂಟೆ ಕರೆಂಟು. ಅಲ್ಲಿ ಆಕ್ಸಿಜನ್ ಮೆಷಿನ್ ಇಟ್ಟುಕೊಂಡವರು ಎಷ್ಟು ಜನರಿದ್ದರು, ಏನಾದರು ಎಂದು ಯಾರೂ ನಮಗೆ ಹೇಳಲಿಲ್ಲ. ನಾವೂ ಕೇಳಲಿಲ್ಲ. ಮೆಮೋವನ್ನು ಸದ್ದಿಲ್ಲದೆ ವಾಪಸು ಪಡೆದರು.

ಆ ಊರಿನ ಟ್ರಾನ್ಸ್‌ಫಾರ್ಮರು ಸುಟ್ಟದ್ದು ತಿಳಿದೂ ಅಮ್ಮ ಅವನೊಡನೆ ಮಾತು ಬಿಟ್ಟಳು. ಅವನು ಬಂದರೆ ಗೋಡೆಗೆ ಮುಖ ತಿರುಗಿಸುತ್ತಿದ್ದಳು. ಅವನು ಅಡುಗೆಮನೆಯಲ್ಲೇ ನಿಂತು ಉಂಡು ಹೋಗುತ್ತಿದ್ದ. ಸಿಲಿಂಡರಿನ ಹತ್ತಿರ ಸುಳಿಯುತ್ತಿರಲಿಲ್ಲ. ಹೊಸದು ತಂದು ಇಟ್ಟಿದ್ದೆವು, ಎರಡು. ನಲವತ್ತು ದಿನ ಹೀಗೆ ನಡೆಯಿತು. ಕೊನೆಗೆ ತಡೆಯಲಾರದೆ, ಎರಡು ಮಾತು ಆಡಿಯೇ ಬರುತ್ತೇನೆ ಎಂದು ನಾನು ಸ್ಟೇಷನ್ನಿಗೆ ಹೋದೆ. ಮಾವ ಯಾರ್ಡಿನಲ್ಲಿದ್ದ. ಕಂಟ್ರೋಲ್ ರೂಮಿನಲ್ಲಿದ್ದ ಚಹಾಪಾಪಣ್ಣ ನನ್ನ ಮುಖ ನೋಡಿ, ಬೈಯೋದಕ್ಕೆ ಮುಂಚೆ ಇದನ್ನ ಓದು ತಂಗಿ ಎಂದು ಆ ದಿನದ ಲಾಗ್ ಬುಕ್ ತೆಗೆದಿಟ್ಟ.

ಬ್ರೇಕರ್ ತೆಗೆದ ಮೇಲೆ ಬರೆಯುವುದು ನಿಯಮ. ಬ್ರೇಕರ್ ತೆಗೆದದ್ದು ಮೂರೂ ಐವತ್ತನಾಲ್ಕಕ್ಕೆ. ಮಾವ ಬರೆದದ್ದು ಮೂರೂ ಐವತ್ತಕ್ಕೆ. ಯಾರ ಆದೇಶ ಎಂಬಲ್ಲಿ ‘ನನ್ನದು’ ಎಂದಿತ್ತು. ಕಾರಣ ಎಂಬಲ್ಲಿ ಮೀಟರಿನ ಮುಳ್ಳು, ಎಣ್ಣೆಯ ಶಾಖ, ಗಂಟೆ ಬಡಿದ ಹೊತ್ತು. ಯಾರಿಗೆ ಕರೆಂಟು ಹೋಗುತ್ತದೆ ಎಂಬಲ್ಲಿ ಹದಿನಾಲ್ಕು ಬೀದಿಗಳ ಪಟ್ಟಿ. ಅದರ ಕೆಳಗೆ, ಅದೇ ದುಂಡು ಅಕ್ಷರದಲ್ಲಿ: ‘ನನ್ನ ಅಕ್ಕನ ಮನೆ. ಸಿಲಿಂಡರಿನಲ್ಲಿ 1 ಗಂಟೆ 10 ನಿಮಿಷ. ಖಾಲಿ ಮಾಡಿದವನು ನಾನು. ತಿಳಿದೇ ತೆಗೆಯುತ್ತಿದ್ದೇನೆ.’ ಸದ್ದಿಗೆಂದು ಅವನೇ ಗೆರೆ ಎಳೆದುಕೊಂಡಿದ್ದ ಕಾಲಮ್ ಖಾಲಿಯಿತ್ತು. ಅಲ್ಲೇ ಕೂತು ಅತ್ತುಬಿಟ್ಟೆ.

ಸಂಜೆ ಅಮ್ಮನಿಗೆ ಅದನ್ನು ಹೇಳಿದೆ, ಒಂದು ಅಕ್ಷರ ಬಿಡದೆ. ಕೇಳಿ ಮುಗಿಸಿ ಅವಳು, ಅವನನ್ನ ಒಳಗೆ ಕರಿ ಎಂದಳು. ಮಾವ ಬಂದು ಬಾಗಿಲಲ್ಲೇ ನಿಂತ. ಐವತ್ತಾರು ವರ್ಷದ ಮನುಷ್ಯ, ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ. ಇನ್ನೂ ಬರುತ್ತಾ ಅದು ಎಂದು ಅಮ್ಮ ಕೇಳಿದಳು. ಸೂರ್ಯನ ಕಲೆ ಹನ್ನೊಂದು ವರ್ಷಕ್ಕೊಮ್ಮೆ ಏರುತ್ತದೆ, ಈಗ ಏರಿಕೆಯಲ್ಲಿದೆ, ಈ ವರ್ಷವೂ ಬರಬಹುದು, ನಾಳೆಯೂ ಬರಬಹುದು ಎಂದ.

"ಬಂದ್ರೆ ಏನು ಮಾಡ್ತೀಯಾ?"

ಅವನು ನೆಲ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ. ಅಕ್ಕನ ಮುಖವನ್ನೇ ನೋಡಿದ.

"ಮತ್ತೆ ತೆಗೀತೀನಿ ಅಕ್ಕ."

ಅಮ್ಮ ಈ ಸಲ ಗೋಡೆಗೆ ತಿರುಗಲಿಲ್ಲ. ಮಂಚದ ಅಂಚಿನಲ್ಲಿ ಸ್ವಲ್ಪ ಸರಿದು ಅವನಿಗೆ ಕೂರಲು ಜಾಗ ಮಾಡಿದಳು. ಆಮೇಲೆ ನನ್ನ ಕಡೆ ನೋಡಿ, "ಮುಳ್ಳು ಎಲ್ಲಿದೆ ನೋಡು," ಎಂದಳು.

ನಾನು ಎದ್ದು ಹೋಗಿ ಬಾಗಿಲ ಹಿಂದೆ ಬಗ್ಗಿ ನೋಡಿದೆ.